ನಮ್ಮ ಹೋಬಳಿಯಿಂದ ದಿಲ್ಲಿಗೆ ಒಬ್ಬರು

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಹೋಬಳಿಯ ದನಗಳಿಗೆಲ್ಲ ಒಟ್ಟಿಗೇ ಕಾಯಿಲೆ ಬರುತ್ತಿತ್ತು. ತೂಬಗೆರೆಯ ದನದ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್ ಆಗಿದ್ದಷ್ಟು ವರ್ಷವೂ ಇದು ತಪ್ಪಿದ್ದಿಲ್ಲ. ಈಗ ಹೇಳುತ್ತಿರುವುದು ಎಪ್ಪತ್ತರ ದಶಕ ಶುರುವಾದ ಹೊತ್ತಿನ ಒಂದು ಪಾರ್ಲಿಮೆಂಟ್ ಚುನಾವಣೆಯ ಸಂಗತಿ, ಅದೂ ಒಂದೇ ಹಳ್ಳಿಯದು. ಆಸ್ಪತ್ರೆಯಿಂದ ಆ ಹಳ್ಳಿಗೆ ಸೈಕಲ್ಲಿನಲ್ಲಿ ಅರ್ಧ ಗಂಟೆ ದಾರಿ. ಕೊನೆಯ ಹತ್ತು ನಿಮಿಷ ಮಾತ್ರ ಸೈಕಲ್ಲು ನನ್ನ ಹೆಗಲ ಮೇಲೆ ಕೂತು ಬರುತ್ತಿತ್ತು. ಊರಿಗೆ ರಸ್ತೆ ಇರಲಿಲ್ಲ, ಮರಳಿನ ಹಳ್ಳ ದಾಟಬೇಕಿತ್ತು. ಆ ರಸ್ತೆ ತರಬಲ್ಲ ಮನುಷ್ಯ ಯಾರೆಂದು ನೋಡಿ, ಊರಿನ ಓಟನ್ನೆಲ್ಲ ಅವರೊಬ್ಬರಿಗೇ ಹಾಕಬೇಕೆಂದು ಊರವರು ಮಾತಾಡಿಕೊಂಡಿದ್ದರು. ಆ 'ಯಾರೆಂದು ನೋಡುವ' ಕೆಲಸದಲ್ಲೇ ಎಲ್ಲ ಗಲಾಟೆ ಆದದ್ದು.

೧. ಹುಷಾರಿಲ್ಲದ ಹಸು

ಒಂದು ದಿನ ಬೆಳಿಗ್ಗೆ ಆ ಊರಿನ ಯಜಮಾನರಿಂದ ಕರೆ ಬಂತು. ಹೊಲ, ತೋಟ, ನಾಲ್ಕು ಜೊತೆ ಎತ್ತು ಇದ್ದ ಮನುಷ್ಯ. ಊರಲ್ಲಿ ಅವರ ಮಾತು ನಡೆಯುತ್ತಿತ್ತು. "ಹಸುಗೆ ಬಾಳ ಹುಷಾರಿಲ್ಲ, ತಕ್ಷಣ ಬರ್ಬೇಕಂತೆ" ಎಂದು ಆಳು ಹೇಳಿದ. ಡಾಕ್ಟರು ರಜದಲ್ಲಿದ್ದರು. ನಾನೇ ಔಷಧದ ಚೀಲ ಹಾಕಿಕೊಂಡು ಓಡಿದೆ.

ಹೋಗಿ ನೋಡಿದರೆ ಹಸು ಆರಾಮವಾಗಿ ಮೆಲುಕು ಹಾಕುತ್ತಾ ಮಲಗಿದೆ. ಜ್ವರ ನೋಡಿದೆ, ಇಲ್ಲ. ಹೊಟ್ಟೆ ಒತ್ತಿ ನೋಡಿದೆ, ಸರಿಯಾಗಿದೆ. ಹಸು ನನ್ನನ್ನೇ ಅನುಮಾನದಿಂದ ನೋಡಿತು.

"ಏನಾಗಿದೆ ಯಜಮಾನ್ರೇ ಇದಕ್ಕೆ?"

"ಅದಕ್ಕೇನಾದಾತು, ಗುಂಡುಕಲ್ಲಂಗೈತೆ. ಕುಂತ್ಕೊಳ್ಳಿ ಡಾಕ್ಟ್ರೇ, ಮಜ್ಜಿಗೆ ಕುಡೀರಿ. ನೀವು ಊರೂರು ತಿರುಗೋರು. ಹಳ್ಳದ ಆಚೆ ಊರಿನೋರು ಈ ಸಲ ಯಾರಿಗೆ ಹಾಕ್ತಾರಂತೆ?"

ನನಗೆ ಸಿಟ್ಟೇ ಬಂತು. "ನಾನು ಸರ್ಕಾರಿ ನೌಕರ. ರಾಜಕೀಯ ಮಾತಾಡಿದ್ರೆ ಕೆಲಸ ಹೋಗುತ್ತೆ. ನನ್ನ ಹತ್ರ ದನದ ವಿಚಾರ ಮಾತ್ರ ಕೇಳಿ" ಎಂದೆ.

ಯಜಮಾನರು ತಲೆಯಾಡಿಸಿದರು. ಮಜ್ಜಿಗೆಯ ಲೋಟ ನನ್ನ ಕೈಗೆ ಕೊಟ್ಟು, ದನಿ ತಗ್ಗಿಸಿ ಕೇಳಿದರು:

"ಹೋಗ್ಲಿ ಬಿಡಿ, ರಾಜಕೀಯ ಬ್ಯಾಡ. ಆ ಊರಿನ ದನ ಯಾರ ಕಡೆ ಅವೆ, ಅಷ್ಟು ಹೇಳಿ."

೨. ಹುಣಸೆ ಮರದ ತನಕ

ಚುನಾವಣೆಗೆ ನಿಂತವರಲ್ಲಿ ಆ ಊರಿಗೆ ಮೊದಲು ಬಂದವರು ಛತ್ರಿ ಗುರುತಿನವರು. ದೊಡ್ಡ ಸಾಹುಕಾರರು, ಒಳ್ಳೆ ಮೈಕಟ್ಟು. ಊರ ಮುಂದಿನ ಅರಳಿಕಟ್ಟೆಯ ಮೇಲೆ ನಿಂತು ಭಾಷಣ ಶುರು ಮಾಡಿದರು. ಕರುವಿಗೆ ಹುಳದ ಔಷಧಿ ಕುಡಿಸಲು ಹೋಗಿದ್ದ ನಾನೂ ಒಂದು ಮೂಲೆಯಲ್ಲಿ ನಿಂತೆ.

ನಮ್ಮ ಯಜಮಾನರು ಎತ್ತು ಕೊಳ್ಳುವುದರಲ್ಲಿ ಎತ್ತಿದ ಕೈ. ಹಿಂದೂಪುರದ ಕಡೆಯವರೂ ಜೊತೆ ಆರಿಸುವಾಗ ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ಆ ದಿನ ಅವರು ಭಾಷಣದ ಕಡೆ ಕಿವಿಯನ್ನೇ ಕೊಡಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಟ್ಟೆಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಮುಂದಿನಿಂದ ನೋಡಿದರು, ಪಕ್ಕದಿಂದ ನೋಡಿದರು, ಬಗ್ಗಿ ಕಾಲು ನೋಡಿದರು. ಸಾಹುಕಾರರು ಮಾತಾಡುತ್ತಲೇ ಕುತ್ತಿಗೆ ತಿರುಗಿಸಿ ಇವರನ್ನು ನೋಡತೊಡಗಿದರು.

ಭಾಷಣ ಮುಗಿಯಿತು. ಯಜಮಾನರು ಮುಂದೆ ಬಂದು ಕೈಮುಗಿದು, "ಸ್ವಾಮಿ, ತಪ್ಪು ತಿಳೀಬ್ಯಾಡಿ. ಆ ಹುಣಸೆ ಮರದ ತನಕ ಒಂದ್ಸಲ ಹೋಗಿ ಬರ್ತೀರಾ?" ಎಂದರು.

ಅಲ್ಲಿ ಯಾವುದೋ ದೇವರಿರಬೇಕು ಎಂದುಕೊಂಡರು ಸಾಹುಕಾರರು. ಚಪ್ಪಲಿ ಕಳಚಿಟ್ಟು, ಬಿಸಿಲಲ್ಲಿ ಮರದ ತನಕ ನಡೆದು, ಬರೀ ಮರಕ್ಕೆ ಭಕ್ತಿಯಿಂದ ಕೈಮುಗಿದು, ಕಾಲು ಸುಟ್ಟುಕೊಂಡು ವಾಪಸು ಬಂದರು. ಜೀಪು ಹತ್ತಿ ಹೋದರು.

ಊರವರೆಲ್ಲ ಯಜಮಾನರನ್ನು ಮುತ್ತಿಕೊಂಡರು. "ಹೆಂಗೆ ಯಜಮಾನ್ರೇ?"

"ನಡಿಗೆ ಪರವಾಗಿಲ್ಲ. ಬಲಗಾಲು ವಸಿ ಎಳೀತದೆ, ಉಳುಮೆಗೆ ಬಾಳ ದಿನ ಬರಕ್ಕಿಲ್ಲ."

"ಹಲ್ಲು?"

"ಅದೊಂದು ಸುಲಭ ಆಯ್ತು ಕಣ್ರಲಾ. ಎತ್ತಿನ ಬಾಯಾದ್ರೆ ನಾವೇ ತೆಗೀಬೇಕು. ಇವ್ರು ಒಂದು ಗಂಟೆಯಿಂದ ತೆಕ್ಕೊಂಡೇ ನಿಂತಿದ್ರು."

೩. ಇಲ್ಲದ ದಾರಿ

ಎರಡನೆಯವರು ಏಣಿ ಗುರುತಿನ ವಕೀಲರು. ಇವರು ಬರುವ ಮೊದಲೇ ಊರಲ್ಲಿ ಜಗಳ ಎದ್ದಿತ್ತು. ಕಾರಣ, ಕೆಲವು ವರ್ಷದ ಹಿಂದೆ ಯಜಮಾನರ ಹೊಲದ ಮೇಲೆ ಒಬ್ಬ ಪಕ್ಕದ ಹೊಲದವನು ದಾವೆ ಹಾಕಿದ್ದ. 'ಈ ಹೊಲದ ನಡುವೆ ನಮ್ಮ ತಾತನ ಕಾಲದಿಂದ ಗಾಡಿ ದಾರಿ ಇದೆ' ಎಂದು ಅವನ ವಾದ. ಅಲ್ಲಿ ದಾರಿ ಇರಲಿ, ಇಲಿ ಓಡಾಡಿದ ಗುರುತೂ ಇರಲಿಲ್ಲ. ಆದರೆ ಅವನ ಪರ ನಿಂತ ವಕೀಲರು ಇವರೇ. ಕೇಸು ಅವನದಾಯಿತು.

ಅರಳಿಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಬೆಂಗಳೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದು ಭಾನುವಾರ ಊರಿಗೆ ಬರುತ್ತಿದ್ದ ಯಜಮಾನರ ತಮ್ಮ ಎದ್ದು ನಿಂತ. "ನಮ್ಮಣ್ಣನ ಹೊಲದಲ್ಲಿ ಸುಳ್ಳು ದಾರಿ ಬಿಡಿಸಿದೋನಿಗೆ ಓಟಾ? ಮಾನ ಮರ್ಯಾದೆ ಬ್ಯಾಡ್ವಾ ನಮಗೆ?" ಎಂದು ಕೂಗಾಡಿದ. ಎಲ್ಲರೂ ಹೌದು ಹೌದು ಎಂದರು.

ಯಜಮಾನರು ಎಲೆಅಡಿಕೆ ಉಗಿಯಲು ಎದ್ದು ಹೋದರು. ಹೊಲದಲ್ಲಿ ಜಾಗ ಕಳೆದುಕೊಂಡವರು ಅವರು. ಅವರ ಮಾತಿಗೆ ಎಲ್ಲರೂ ಕಾಯುತ್ತಿದ್ದರು. ಯಜಮಾನರು ವಾಪಸು ಬಂದು ಕೂತರು.

"ನಾನು ಇವರಿಗೇ ಹಾಕೋಣ ಅಂತೀನಿ" ಎಂದರು.

ತಮ್ಮ ಅಣ್ಣನ ಕಡೆ ತಿರುಗಿದ. "ಯಾಕಣ್ಣಾ?"

"ಲೇ, ಇಲ್ಲದೇ ಇರೋ ದಾರೀನ ಜಡ್ಜಿ ಮುಂದೆ ಐತೆ ಅಂತ ಮಾಡ್ಬಿಟ್ಟ ಮನುಷ್ಯ ಕಣೋ ಅವನು. ನಮ್ಮೂರಿಗೆ ಬೇಕಾಗಿರೋದೂ ಇಲ್ಲದೇ ಇರೋ ದಾರೀನೇ ಅಲ್ವಾ?"

೪. ಒಂದೇ ಮನೆಯ ಮಾತು

ಇದು ಚಿಕ್ಕದು. ಯಜಮಾನರ ಎಮ್ಮೆಯ ಕೆಚ್ಚಲಿಗೆ ಮುಲಾಮು ಹಚ್ಚುತ್ತಾ ಕೊಟ್ಟಿಗೆಯಲ್ಲಿ ಕೂತಿದ್ದೆ. ನಡುಮನೆಯಿಂದ ಗಂಡ ಹೆಂಡತಿಯ ಮಾತು ಕೇಳುತ್ತಿತ್ತು.

"ನೋಡು, ಏಣಿ ಮೇಲೇ ಮುದ್ರೆ ಒತ್ತು. ಮರೆತು ಎಲ್ಲೆಲ್ಲೋ ಒತ್ತಿಬಿಟ್ಟೀಯ."

"ನಾನು ಯಾರಿಗೆ ಒತ್ತಬೇಕು ಅಂತ ನಾನೇ ನೋಡ್ತೀನಿ."

"ಅಲ್ಲ ಕಣೆ, ನಾನು ವಿಚಾರಿಸಿದೀನಿ. ಒಳ್ಳೆ ಮನುಷ್ಯ. ನನ್ನ ಮಾತು ನಂಬು."

ಹೆಂಡತಿ ಮುದ್ದೆ ತಿರುವುವ ಕೋಲು ನಿಲ್ಲಿಸಿದ್ದು ನನಗೂ ಕೇಳಿಸಿತು.

"ನನ್ನ ನೋಡೋಕೆ ಬಂದಾಗ ನಿಮ್ಮಪ್ಪನೂ ಹಿಂಗೇ ಹೇಳಿದ್ರು. 'ನಮ್ಮ ಹುಡುಗ ಒಳ್ಳೆಯವನು, ನನ್ನ ಮಾತು ನಂಬಮ್ಮ' ಅಂದ್ರು. ನಂಬಿದೆ. ಒಂದೇ ಮನೆಯವರ ಮಾತನ್ನ ಎಷ್ಟು ಸಲ ನಂಬಲಿ?"

೫. ಹಗ್ಗ ಹಿಡಿದವರು

ಓಟಿಗೆ ನಾಲ್ಕೈದು ದಿನವಿತ್ತು. ಅದೇ ಊರಿನ ಕೊನೆಯ ಮನೆಯಲ್ಲಿ ಒಂಟಿಯಾಗಿದ್ದ ಒಬ್ಬ ವಿಧವೆಯ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಸುದ್ದಿ ಬಂತು. ಈ ಸಲ ನಿಜವಾದ ಕಾಯಿಲೆ. ಆಯಮ್ಮನಿಗೆ ಇದ್ದದ್ದು ಅದೊಂದೇ ಹಸು. ಅದರ ಹಾಲು ಮಾರಿಯೇ ಜೀವನ. ನಾನು ಹೋಗುವಷ್ಟರಲ್ಲಿ ಹಸು ಸುಸ್ತಾಗಿ ನೆಲ ಹಿಡಿದಿತ್ತು. ಆಯಮ್ಮ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದರು.

ಕೈ ಹಾಕಿ ನೋಡಿದೆ. ಕರುವಿನ ಒಂದು ಮುಂಗಾಲು ಒಳಗೆ ಮಡಚಿಕೊಂಡಿತ್ತು. ಹೇಗೋ ಅದನ್ನು ನೆಟ್ಟಗೆ ಮಾಡಿ ಹಗ್ಗ ಕಟ್ಟಿದೆ. ಎಳೆಯಲು ಗಂಡಸರು ಬೇಕು. ಯಜಮಾನರೊಬ್ಬರು ಬಂದು ಹಗ್ಗ ಹಿಡಿದರು, ಉಳಿದ ಗಂಡಸರೆಲ್ಲ ಹೊಲದ ಕಡೆ ಹೋಗಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಿಳಿ ಪಂಚೆಯವರು ಬಂದು ನಿಂತದ್ದು ಕಂಡಿತು.

"ಏನಪ್ಪಾ ನೋಡ್ತಾ ನಿಂತಿದೀಯಾ, ಬಾ ಇಲ್ಲಿ! ಹಗ್ಗ ಹಿಡಿ!" ಎಂದು ಗದರಿದೆ.

ಆ ಮನುಷ್ಯ ಪಂಚೆ ಎತ್ತಿ ಕಟ್ಟಿ, ಸಗಣಿಯಲ್ಲೇ ಮಂಡಿಯೂರಿ ಹಗ್ಗ ಹಿಡಿದರು. "ಹಸು ತಿಣುಕಿದಾಗ ಮಾತ್ರ ಎಳಿ. ಏಯ್, ಈಗಲ್ಲ! ಬುದ್ಧಿ ಇಲ್ವಾ?" ಎಂದು ಬೈದೆ. ಬೈಸಿಕೊಂಡರು. ಮುಕ್ಕಾಲು ಗಂಟೆ ಆದ ಮೇಲೆ ಕರು ದೊಪ್ಪನೆ ಅವರ ಮಡಿಲಿಗೇ ಬಿತ್ತು. ಉಸಿರಿಲ್ಲ. ನಾನು ಹೇಳುವ ಮೊದಲೇ ಅವರು ಕರುವಿನ ಬಾಯಿಯ ಲೋಳೆ ತೆಗೆದು, ಹುಲ್ಲಿನಿಂದ ಎದೆ ಉಜ್ಜಿದರು. ಕರು ಸೀನಿತು. ಆಯಮ್ಮ ಅತ್ತರು, ನಕ್ಕರು, ಮತ್ತೆ ಅತ್ತರು.

ಕೈ ತೊಳೆಯುವಾಗ ಕೇಳಿದೆ, "ಯಾವೂರಪ್ಪಾ ನಿಂದು?"

"ನಾನು ಚುನಾವಣೆಗೆ ನಿಂತಿದೀನಿ. ಸೈಕಲ್ ಗುರುತು. ಹಳ್ಳದ ಮರಳಲ್ಲಿ ಕಾರು ಹೂತ್ಕೊಳ್ತು, ಹಂಗೇ ನಡ್ಕೊಂಡು ಬಂದೆ" ಎಂದರು. ಅಷ್ಟೆಲ್ಲ ಬೈದದ್ದಕ್ಕೆ ನಾನು ಕೈಮುಗಿದೆ. ಅವರು ಮಾತ್ರ ನಗುತ್ತಾ ಕರುವಿನ ಬೆನ್ನು ಸವರಿ ಹೊರಟರು.

ಆಮೇಲೆ ನಾಲ್ಕು ದಿನ ಊರಲ್ಲಿ ಅವರದೇ ಮಾತು. ಯಜಮಾನರು ಕೂಡ ವಕೀಲರನ್ನು ಬಿಟ್ಟು "ಮನುಷ್ಯ ಅಂದ್ರೆ ಅವನಪ್ಪಾ" ಎಂದು ಸಿಕ್ಕವರಿಗೆಲ್ಲ ಹೇಳತೊಡಗಿದರು. ಊರಿನ ಓಟೆಲ್ಲ ಸೈಕಲ್ಲಿಗೇ ಎಂದು ನಾನು ತಿಳಿದೆ. ಫಲಿತಾಂಶ ಬಂತು. ಛತ್ರಿಯವರು ಗೆದ್ದರು. ಸೈಕಲ್ಲಿನವರು ಸೋತರು.

ಒಂದು ತಿಂಗಳಾದ ಮೇಲೆ ಸೋತವರು ಮತ್ತೆ ಹಳ್ಳ ದಾಟಿ ಬಂದರು, ಕರು ಹೇಗಿದೆ ನೋಡಲು. ನಾನೂ ಅಲ್ಲಿದ್ದೆ. ಕರು ಚೆಂಗನೆ ನೆಗೆಯುತ್ತಿತ್ತು. ಆಯಮ್ಮ ಲೋಟ ತುಂಬ ಹಾಲು ಕೊಟ್ಟರು. ಊರವರೆಲ್ಲ ಸೇರಿ ಅವರನ್ನು ನೆಂಟರಂತೆ ಉಪಚರಿಸಿದರು.

ಹಾಲು ಕುಡಿದು ಅವರು ನಗುತ್ತಾ ಅಂದರು: "ಹೋಗ್ಲಿ, ಎಲ್ಲಾ ಕಡೆ ಸೋತ್ರೂ ನಿಮ್ಮೂರಲ್ಲಾದ್ರೂ ನನಗೆ ಓಟು ಬಿದ್ದಿರುತ್ತೆ ಅಂತ ಒಂದು ಸಮಾಧಾನ."

ಯಜಮಾನರು ಹುಣಸೆ ಮರದ ಕಡೆ ನೋಡಿದರು. ಅವರ ತಮ್ಮ ಕೆಮ್ಮಿದ. ಕೊನೆಗೆ ಆಯಮ್ಮನೇ ಸೆರಗು ಸರಿ ಮಾಡಿಕೊಂಡು ಮುಂದೆ ಬಂದರು.

"ಇಲ್ಲ ಸ್ವಾಮಿ, ಸುಳ್ಳು ಯಾಕೆ ಹೇಳಲಿ. ನಿಮಗೆ ಯಾರೂ ಹಾಕಲಿಲ್ಲ. ಊರೆಲ್ಲಾ ಕೂತು ಯೋಚನೆ ಮಾಡಿದ್ವಿ. ಗೆದ್ದೋರು ದಿಲ್ಲಿಗೆ ಹೋಗ್ಬಿಡ್ತಾರಂತೆ. ಇಂಥಾ ಉಪಯೋಗಕ್ಕೆ ಬರೋ ಮನುಷ್ಯನ್ನ ಅಷ್ಟು ದೂರ ಕಳಿಸ್ಬಿಟ್ರೆ, ಇಲ್ಲಿ ನಮಗೆ ಹಗ್ಗ ಎಳೆಯೋರು ಯಾರು?"