ಗೋವಾಕ್ಕೆ ಹೋಗುವ ಬಟನ್

ಉಪೇಂದ್ರನ ಅವತ್ತಿನ ಫಜೀತಿಗೆಲ್ಲ ಮೂಲ ಒಂದು ನೀಲಿ ಬಟನ್. ಹೆಬ್ಬೆರಳಿನ ಉಗುರಿನಷ್ಟೂ ಇರಲಿಲ್ಲ. ಅದು ಸರಿಯಾಗಿ ಒತ್ತಿಸಿಕೊಂಡರೆ ಗೋವಾ, ಮೊಂಡು ಹಿಡಿದರೆ ಹೈದರಾಬಾದಿನ ಅದೇ ಖರೀದಿ ವಿಭಾಗ, ಅದೇ ಕಿರಗುಟ್ಟುವ ಫ್ಯಾನು, ಪಕ್ಕದ ಕುರ್ಚಿಯಲ್ಲಿ ಅದೇ ಶಿವಶರಣಪ್ಪ.

ಉಪೇಂದ್ರ ಲಿಂಗಸುಗೂರಿನ ಕಡೆಯವನು. ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ದಿನಾ ಮಿಯಾಪುರದಲ್ಲಿ ಮೆಟ್ರೊ ಹತ್ತಿ ಬಂದು, ಬೆವರು ಒರೆಸಿಕೊಂಡು, ಕಂಪ್ಯೂಟರಿಗೆ ಒಮ್ಮೆ ಕೈಮುಗಿದು ಚಾಲೂ ಮಾಡುವುದು ಅವನ ರೂಢಿ. ಭಕ್ತಿಯಿಂದಲ್ಲ, ಭಯದಿಂದ. ಆ ದಿನ ಚಾಲೂ ಮಾಡಿದರೆ ಯಾವುದೋ ತರಬೇತಿ ಸಂಸ್ಥೆಯ ಮೇಲ್ ಬಂದು ಕೂತಿತ್ತು. ಇಂಗ್ಲಿಷಿನಲ್ಲಿ ಮಾರುದ್ದ ಬರೆದಿದ್ದರು. ಕಾರ್ಖಾನೆಯಿಂದ ಒಬ್ಬರಿಗೆ ಮಾತ್ರ ಅವಕಾಶ. ಜನರಲ್ ಮ್ಯಾನೇಜರ್ ತಿಪ್ಪೇಸ್ವಾಮಿಯವರು ಸ್ವತಃ ಉಪೇಂದ್ರನ ಹೆಸರು ಸೂಚಿಸಿದ್ದರು. ನಾಲ್ಕು ದಿನ, ಗೋವಾದಲ್ಲಿ, ಸಮುದ್ರಕ್ಕೆ ತಾಗಿದ ಹೋಟೆಲು, ಹೆಂಡತಿಯನ್ನೂ ಕರೆತರಬಹುದು.

ಗೋವಾ ಎಂಬ ಶಬ್ದ ಕಂಡಿದ್ದೇ ಉಪೇಂದ್ರನ ಕಣ್ಣು ನಡುವಿನದನ್ನೆಲ್ಲ ಹಾರಿ ಕೊನೆಯ ಸಾಲಿಗೆ ಬಂದು ಬಿತ್ತು. ಕೆಳಗಿನ ನೀಲಿ ಬಟನ್ ಒತ್ತಿದರೆ ಗುರುತಿನ ಸಂಖ್ಯೆ ತುಂಬಿಕೊಂಡೇ ಒಂದು ಒಪ್ಪಿಗೆ ಪತ್ರ ತೆರೆಯುತ್ತದೆ. ಅದನ್ನೇ ಇಂದು ಸಂಜೆ ನಾಲ್ಕರೊಳಗೆ ಕಳಿಸಬೇಕು. ಬೇರೆ ಥರದ ಒಪ್ಪಿಗೆ ನಡೆಯುವುದಿಲ್ಲ.

ಅವನು ಮೊದಲು ಒತ್ತಿದ್ದು ಫೋನಿನ ಬಟನ್.

“ತಾರಾ! ಗೋವಾ!”

“ಏನ್ ಹೋತ್ರಿ? ಮತ್ತ ಟಿಫಿನ್ ಡಬ್ಬಿ ಮೆಟ್ರೊದಾಗ ಬಿಟ್ರೇನು?”

“ಹೋಗಿಲ್ಲ, ಹೊಂಟೀವಿ! ನಾವಿಬ್ರೂ ಗೋವಾಕ್ಕ ಹೊಂಟೀವಿ! ಸಮುದ್ರ!”

ಆ ಕಡೆ ತಾರಾಳ ದನಿ ಸಣ್ಣ ಹುಡುಗಿಯದಾಯಿತು. “ಖರೇನಾ? ಮದಿವಿ ಆದಾಗಿಂದ ಸಾಗರ ಸಾಗರ ಅಂತ ಹುಸೇನ್ ಸಾಗರದ ಕೆರೀನ ತೋರಿಸಿಗೋತ ಬಂದೀರಿ. ಈ ಸಲ ಉಪ್ಪಿನ ನೀರ ಇರತೈತಲ್ಲ?”

“ಬಾಯಾಗ ಹಾಕ್ಕೊಂಡು ನೋಡುವಂತಿ!” ಎಂದು ಫೋನಿಟ್ಟು, ಉಪೇಂದ್ರ ಬೆರಳು ಚಟಕ್ಕೆಂದು ಮುರಿದು, ನೀಲಿ ಬಟನ್ ಒತ್ತಿದ.

ಒಪ್ಪಿಗೆ ಪತ್ರ ಬರಲಿಲ್ಲ. ಹಳೇ ಮೇಲ್ ಪ್ರೋಗ್ರಾಮ್ ಎದ್ದು ಬಂತು.

ಕಾರ್ಖಾನೆಯಲ್ಲಿ ಹೋದ ವರ್ಷವೇ ಹೊಸ ಮೇಲ್ ಪ್ರೋಗ್ರಾಮ್ ಹಾಕಿದ್ದರು. ಎಲ್ಲರ ಖಾತೆಯೂ ಹೊಸದರಲ್ಲೇ ಇತ್ತು. ಆದರೆ ಹಳೆಯದನ್ನು ತೆಗೆದಿರಲಿಲ್ಲ. ಯಾವ ಪತ್ರದ ಬಟನ್ ಒತ್ತಿದರೂ ಅದು ನಡುವೆ ಬಾಯಿ ಹಾಕಿ, ‘ನಿಮ್ಮ ಖಾತೆ ಸಿಗುತ್ತಿಲ್ಲ’ ಎಂದು ಹೇಳಿ, ಅಲ್ಲೇ ಮರಗಟ್ಟಿ ನಿಲ್ಲುತ್ತಿತ್ತು.

“ಏನ್ ಆತ್ರಿ ಉಪೇಂದ್ರ?” ಶಿವಶರಣಪ್ಪನವರು ಕುರ್ಚಿ ಸಮೇತ ಉರುಳಿಕೊಂಡು ಬಂದರು. ಕಲಬುರಗಿಯವರು, ವಿಭಾಗದಲ್ಲಿ ಎಲ್ಲರಿಗಿಂತ ಹಿರಿಯರು. ಅವರಿಗೆ ಗೊತ್ತಿಲ್ಲದ ವಿಷಯವಿದ್ದರೆ ಅದು ಇನ್ನೂ ಹುಟ್ಟಿಲ್ಲ ಎಂದರ್ಥ. “ಇದಾ? ಇದು ಚುಟಕೀ ಕೆಲಸ. ಸೆಟ್ಟಿಂಗಿನಾಗ ಹೋಗ್ರಿ. ಮೇಲ್ ಯಾವುದು ಅಂತ ಕೇಳತೈತಿ. ಹೊಸಾದು ಅನ್ರಿ. ಹಾಂ. ನೋಡ್ರಿ, ಬಂದ್ ಮಾಡಿ ಚಾಲೂ ಮಾಡ್ರಿ ಅನ್ನಾಕತ್ತೈತಿ. ನಾ ಯಾವಾಗಲೂ ಹೇಳೂದು ಅದನ್ನ! ಮಶೀನಿಗೇ ಗೊತ್ತೈತಿ.”

ಉಪೇಂದ್ರ ಬಂದ್ ಮಾಡಿದ, ಚಾಲೂ ಮಾಡಿದ. ಆ ಕಂಪ್ಯೂಟರು ಏಳುವ ಹೊತ್ತಿಗೆ ಒಂದು ಚಹಾ ಕುಡಿದು ಗ್ಲಾಸು ತೊಳೆದಿಡಬಹುದಿತ್ತು. ಕೊನೆಗೂ ಎದ್ದಿತು. ಬಟನ್ ಒತ್ತಿದ.

ಹಳೇದು.

ಸೆಟ್ಟಿಂಗಿಗೆ ಹೋಗಿ ನೋಡಿದರೆ, ಈಗತಾನೇ ಕೈಯಾರೆ ಹಾಕಿದ್ದ ‘ಹೊಸದು’ ಮಾಯವಾಗಿ ಮತ್ತೆ ‘ಹಳೇದು’ ಬಂದಿತ್ತು. ಮತ್ತೆ ಬದಲಿಸಿದರು, ಮತ್ತೆ ಬಂದ್, ಮತ್ತೆ ಚಾಲೂ. ಮತ್ತೆ ಹಳೇದು. ಅಷ್ಟರಲ್ಲಿ ಸುದ್ದಿ ಹಬ್ಬಿ ಲೆಕ್ಕದ ವಿಭಾಗದವರು, ಸ್ಟೋರಿನವರು, ಯಾವ ವಿಭಾಗದವರೆಂದು ಯಾರಿಗೂ ಗೊತ್ತಿಲ್ಲದ ಇಬ್ಬರು ಬಂದು ಮುತ್ತಿಕೊಂಡರು. ಒಬ್ಬರು ತೆಲುಗಿನಲ್ಲಿ ವೈರ್ ಎಳೆಯಿರಿ ಎಂದರು, ಇನ್ನೊಬ್ಬರು ಹಿಂದಿಯಲ್ಲಿ ವೈರ್ ಮುಟ್ಟಲೇಬೇಡಿ ಎಂದರು. ಹಳೇ ಪ್ರೋಗ್ರಾಮನ್ನೇ ಕಿತ್ತೊಗೆಯಲು ಹೋದರೆ, ‘ನಿಮಗೆ ಆ ಅಧಿಕಾರವಿಲ್ಲ’ ಎಂದು ಕಂಪ್ಯೂಟರು ಮೇಲಧಿಕಾರಿಯ ಗತ್ತಿನಲ್ಲಿ ಗದರಿತು.

ಎದುರಿನ ಮೇಜಿನ ಹಂಪಯ್ಯ ಮಾತ್ರ ಎದ್ದು ಬರಲಿಲ್ಲ. ಅವನ ಕಂಪ್ಯೂಟರಿಗೆ ಬಂದ ದಿನ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು. ಮೇಲೆ ಟವೆಲು ಒಣಗುತ್ತಿತ್ತು. ಶೇಂಗಾ ಸುಲಿಯುತ್ತ, “ಯಾಕ ಅದರ ಕೂಡ ಜಗಳಾ ಆಡ್ತಿ ಉಪೇಂದ್ರಣ್ಣ? ನನ್ನಂಗ ಮುಚ್ಚಿಟ್ಟಬಿಡು, ಇಬ್ರೂ ಸುಖವಾಗಿರ್ತೀರಿ” ಎಂದ.

ಫೋನು ಬಡಿದುಕೊಂಡಿತು. ತಾರಾ. “ಕಳಿಸಿದ್ರ್ಯಾ?”

“ಕಳಸಾಕತ್ತೀನಿ.”

“ಮ್ಯಾಲಿನ ಮನಿ ಪಾರ್ವತೆಮ್ಮಗ ಹೇಳಿಬಿಟ್ಟೀನ್ರಿ. ಅಂದ್ರ ಇಡೀ ಅಪಾರ್ಟ್‌ಮೆಂಟಿಗೆ ಹೇಳಿದಂಗ. ರಾತ್ರಿ ನಮಗ ಊಟಕ್ಕ ಕರದಾರ. ಇನ್ನ ನೀವು ಹೋಗೂದಿಲ್ಲ ಅಂದ್ರ ನಾ ಲಿಫ್ಟಿನಾಗ ಯಾರ ಮುಖಾನೂ ನೋಡೂಹಂಗಿಲ್ಲ, ತಿಳೀತಿಲ್ಲೋ?”

ಉಪೇಂದ್ರನಿಗೆ ತಿಳಿಯಿತು. ಕಂಪ್ಯೂಟರ್ ದುರಸ್ತಿ ವಿಭಾಗಕ್ಕೆ ದೂರು ಕೊಡೋಣವೆಂದು ಕಾರ್ಖಾನೆಯ ದೂರಿನ ಪುಟ ತೆಗೆದ. ‘ನಿಮ್ಮ ತೊಂದರೆ ತಿಳಿಸಲು ಇಲ್ಲಿ ಒತ್ತಿ’ ಎಂದಿತ್ತು. ಒತ್ತಿದ. ಹಳೇ ಮೇಲ್ ಎದ್ದು ಬಂದು, ‘ನಿಮ್ಮ ಖಾತೆ ಸಿಗುತ್ತಿಲ್ಲ’ ಎಂದಿತು.

ಅಲ್ಲಿಂದ ಬಿಟ್ಟ ಬಾಣದಂತೆ ಹೊರಟವನು ನಿಂತದ್ದು ಹಿಂದಿನ ಕಟ್ಟಡದ ದುರಸ್ತಿ ವಿಭಾಗದಲ್ಲಿ. ಅಲ್ಲಿದ್ದವಳು ವರ್ಷಾ, ಕುಂದಾಪುರದ ಹುಡುಗಿ, ಹೊಸದಾಗಿ ಸೇರಿದ ಇಂಜಿನಿಯರು.

“ಟಿಕೆಟ್ ಹಾಕಿದ್ರಾ ಸಾರ್?”

“ಗೋವಾ ಟಿಕೀಟಾ? ಇನ್ನೂ ಇಲ್ಲವ್ವಾ.”

“ಗೋವಾ ಅಲ್ಲ ಮಾರಾಯ್ರೆ, ದೂರಿನ ಟಿಕೆಟ್! ದೂರಿನ ಪುಟದಿಂದಲೇ ಮೇಲ್ ಬಾರದೆ ನಾನು ಜಾಗ ಬಿಟ್ಟು ಏಳುವ ಹಾಗಿಲ್ಲ.”

“ಮೇಲ್ ಹೋಗವಲ್ದು ಅನ್ನೂದ ನನ್ನ ದೂರು!”

“ಹಾಗಾದ್ರೆ ಮೇಲ್ ಹೋಗೂದಿಲ್ಲ ಅಂತ ಒಂದು ಮೇಲ್ ಹಾಕಿ” ಎಂದವಳಿಗೆ ತಾನು ಹೇಳಿದ್ದು ತನಗೇ ಕೇಳಿಸಿ ನಗು ಬಂತು. ಆದರೂ ನಿಯಮ ನಿಯಮವೇ. ಕೊನೆಗೆ ಉಪೇಂದ್ರ, ತನ್ನ ಹೆಂಡತಿ ಹುಟ್ಟಿದ್ದು ಲಿಂಗಸುಗೂರಿನಲ್ಲಿ, ಬಾಳಿದ್ದು ಮಿಯಾಪುರದಲ್ಲಿ, ಈವರೆಗೆ ಒಂದು ಅಲೆ ಕಂಡವಳಲ್ಲ ಎಂದು ಹೇಳಿದ. ಕಡಲು ನೋಡದ ಹೆಂಗಸು ಭೂಮಿ ಮೇಲಿದ್ದಾಳೆ ಎಂಬುದು ಕುಂದಾಪುರದವಳಿಗೆ ತಡೆಯಲಾಗಲಿಲ್ಲ. “ಅಯ್ಯೋ ದೇವರೆ! ಬನ್ನಿ ಸಾರ್” ಎಂದು ಎದ್ದೇಬಿಟ್ಟಳು.

ಬಂದವಳು ಟಕಟಕನೆ ಏನೇನೋ ಒತ್ತಿದಳು. ಹೊಸ ಮೇಲ್ ತೆಗೆದು ಮತ್ತೆ ಹಾಕಿದಳು, ಸೆಟ್ಟಿಂಗು ಬದಲಿಸಿದಳು. ಬಂದ್ ಮಾಡಿ ಚಾಲೂ ಮಾಡಿದಾಗ ಶಿವಶರಣಪ್ಪನವರು ತಮ್ಮದೇ ಸಲಹೆ ಎಂಬಂತೆ ಸುತ್ತ ನೋಡಿದರು. ವರ್ಷಾ ಬಟನ್ ಒತ್ತಿದಳು. ಹಳೇದು.

“ಇದೆಂತ ಭೂತವಾ?” ಎಂದಳು ವರ್ಷಾ. ಅಷ್ಟರಲ್ಲಿ ಯಾರೋ ಸರಿಯಾಗಿ ಟಿಕೆಟ್ ಹಾಕಿದವರಿಂದ ಅವಳಿಗೆ ಕರೆ ಬಂತು. ಹೋಗುವಾಗ ತಿರುಗಿ, “ಯಾರೋ ಒಳಗಿಂದ ಬದಲಾಯಿಸ್ತಾ ಇದ್ದಾರೆ ಸಾರ್. ಏಳುವಾಗ ಕಣ್ಣಿಟ್ಟು ನೋಡಿ” ಎಂದಳು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಚೆದುರಿದರು. ಉಪೇಂದ್ರ ಡಬ್ಬಿ ಬಿಚ್ಚಲಿಲ್ಲ. ಪರದೆಗೆ ಮೂಗು ತಾಗಿಸಿ ಕೂತು, ಬಂದ್ ಮಾಡಿದ, ಚಾಲೂ ಮಾಡಿದ. ಪರದೆ ಬೆಳಗಿತು. ಒಂದೊಂದೇ ಚಿತ್ರ ಮೂಡಿತು. ಆಗ ಕೆಳಗೆ, ಬಲಮೂಲೆಯಲ್ಲಿ, ಸಣ್ಣದೊಂದು ಹಳದಿ ಲಕೋಟೆ ಇಣುಕಿ ನೋಡಿ ಪಟ್ಟನೆ ಮರೆಯಾಯಿತು.

“ಹಿಡದೆ!” ಎಂದು ಕಿರುಚಿದ. ಆದರೆ ಹಿಡಿದಿರಲಿಲ್ಲ.

ಮತ್ತೆ ಚಾಲೂ. ಲಕೋಟೆ ಇಣುಕಿತು, ಮೌಸಿನ ಬಾಣ ತಲುಪುವಷ್ಟರಲ್ಲಿ ಹಲ್ಲಿಯ ಹಾಗೆ ಸಂದಿಯಲ್ಲಿ ಸರಿದುಹೋಯಿತು. ಇನ್ನೊಮ್ಮೆ. ಈ ಸಲ ಉಪೇಂದ್ರ ಬಾಣವನ್ನು ಮೊದಲೇ ಮೂಲೆಯಲ್ಲಿ ಹೊಂಚು ಹಾಕಿಸಿ, ಬೆರಳು ಮೌಸಿನ ಮೇಲಿಟ್ಟು ಕಾದ. ಲಕೋಟೆ ತಲೆ ಎತ್ತಿತು. ಒತ್ತಿದ. ಸಿಕ್ಕಿಬಿತ್ತು! ಅದರ ಹೊಟ್ಟೆಯೊಳಗೆ ಒಂದು ಸಾಲಿತ್ತು: ‘ಪ್ರತಿ ಸಲ ಏಳುವಾಗ ನನ್ನನ್ನೇ ಮುಖ್ಯವಾಗಿ ಮಾಡು.’ ಅದರ ಮುಂದೆ ಸರಿ ಗುರುತು.

ಉಪೇಂದ್ರನಿಗೆ ಎಲ್ಲ ಹೊಳೆಯಿತು. ನಿವೃತ್ತನಾದ ಹೆಡ್‌ಕ್ಲರ್ಕ್ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ತನ್ನ ಹಳೇ ಕುರ್ಚಿಯಲ್ಲಿ ಕೂತುಬಿಟ್ಟರೆ ಹೊಸಬ ಎಲ್ಲಿ ಕೂರಬೇಕು? ಅವನು ಆ ಗುರುತನ್ನು ತೆಗೆದ. ಸೆಟ್ಟಿಂಗಿನಲ್ಲಿ ‘ಹೊಸದು’ ಹಾಕಿದ. ಬಂದ್ ಮಾಡಿ ಚಾಲೂ ಮಾಡಿ, ಕಣ್ಣು ಮುಚ್ಚಿ ನೀಲಿ ಬಟನ್ ಒತ್ತಿದ.

ಒಪ್ಪಿಗೆ ಪತ್ರ, ಗುರುತಿನ ಸಂಖ್ಯೆ ಸಮೇತ, ಮದುಮಗಳ ಹಾಗೆ ಸಿಂಗರಿಸಿಕೊಂಡು ಎದುರು ನಿಂತಿತು!

ಕಳಿಸಿದ. ‘ನಿಮ್ಮ ಒಪ್ಪಿಗೆ ತಲುಪಿದೆ’ ಎಂದು ಉತ್ತರವೂ ಬಂತು. ನಾಲ್ಕಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಉಪೇಂದ್ರ ಕುರ್ಚಿಯ ಮೇಲೆ ಹತ್ತಿ ನಿಂತು, “ಗೆದ್ದೆ!” ಎಂದು ಕೂಗಿದ ಕೂಗಿಗೆ ಊಟದವರೆಲ್ಲ ಕೈ ತೊಳೆಯದೆ ಓಡಿಬಂದರು. ಅವರೆಲ್ಲರ ಕಂಪ್ಯೂಟರಿಗೂ ಅದೇ ರೋಗವಿತ್ತೆಂದು ಆಗ ಗೊತ್ತಾಯಿತು. ನನ್ನದೊಂದು ನೋಡಿ, ನನ್ನದೊಂದು ನೋಡಿ ಎಂದು ಕೈ ಹಿಡಿದು ಎಳೆದರು. ಉಪೇಂದ್ರ ಖುಷಿಯಲ್ಲಿ ಒಂದೊಂದನ್ನೇ ಮುಟ್ಟಿದ, ಮುಟ್ಟಿದ್ದೆಲ್ಲ ಗುಣವಾಯಿತು. ಶಿವಶರಣಪ್ಪನವರು ಕಾರಿಡಾರಿನ ತುಂಬ ಓಡಾಡಿ, “ನಮ್ಮ ಹುಡುಗ! ನಾನ ತಯಾರ್ ಮಾಡಿದ್ದು!” ಎಂದು ಸಾರಿದರು. ಸಾರಿದ್ದು ಜನರಲ್ ಮ್ಯಾನೇಜರರ ಕೋಣೆಗೂ ಮುಟ್ಟಿತು. ಕರೆ ಬಂತು.

ತಿಪ್ಪೇಸ್ವಾಮಿಯವರು ಚಿತ್ರದುರ್ಗದವರು, ಮೃದು ಮಾತಿನ ದೊಡ್ಡ ಮನುಷ್ಯರು. ಅವರ ಕಂಪ್ಯೂಟರಿಗೂ ಅದೇ ಕಾಯಿಲೆ. ಉಪೇಂದ್ರ ಹಳದಿ ಲಕೋಟೆಯನ್ನು ಒಂದೇ ಏಟಿಗೆ ಹಿಡಿದು ತೋರಿಸಿದ. ಸಾಹೇಬರು ಎದ್ದು ಅವನ ಎರಡೂ ಕೈ ಕುಲುಕಿದರು.

“ಅದ್ಭುತ ಕಣ್ರೀ! ಒಂದು ವರ್ಷದಿಂದ ಯಾರಿಗೂ ಆಗದ್ದು! ಛೆ, ನಿಮಗೆ ಎಂಥ ಅನ್ಯಾಯ ಮಾಡ್ತಿದ್ದೆ ನಾನು. ಗೋವಾ ತರಬೇತಿಗೆ ನಿಮ್ಮ ಹೆಸರು ಕಳಿಸಿಬಿಟ್ಟಿದ್ದೆ.”

“ಅನ್ಯಾಯ ಎಲ್ಲೈತ್ರಿ ಸರ್? ಭಾಳ ಉಪಕಾರ ಆತ್ರಿ.”

“ಮೇಲ್ ಓದಿಲ್ವಾ? ಅದು ಕಂಪ್ಯೂಟರ್ ಅಂದ್ರೆ ಹೆದರೋ ನೌಕರರಿಗೆ ಅಂತ ಇರೋ ತರಬೇತಿ ಕಣ್ರೀ. ಮೌಸ್ ಹಿಡಿಯೋದರಿಂದ ಶುರು ಮಾಡ್ತಾರೆ. ನೀವು ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಕೈಮುಗಿಯೋದು ನೋಡಿ, ಪಾಪ ಅಂತ ಕಳಿಸಿದ್ದೆ.”

ಉಪೇಂದ್ರನ ಕಾಲಡಿಯ ಮರಳು ಅಲೆಯ ಜೊತೆ ಜಾರಿತು. “ಸರ್, ನನಗ ಈಗೂ ಹೆದರಿಕಿ ಐತ್ರಿ! ಏನೂ ಬರಂಗಿಲ್ರಿ! ಇದೆಲ್ಲಾ ಕುರುಡು ನಸೀಬ್ರಿ ಸರ್! ಒಮ್ಮೊಮ್ಮೆ ಮೌಸ್ ಉಲ್ಟಾ ಹಿಡಕೊಂಡಬಿಡ್ತೀನಿ!”

“ಎಂಥ ವಿನಯ!” ಎಂದು ಸಾಹೇಬರು ಕಣ್ಣರಳಿಸಿದರು. “ನಿಮ್ಮನ್ನ ಅಲ್ಲಿ ಮೊದಲ ಬೆಂಚಲ್ಲಿ ಕೂರಿಸಿದ್ರೆ ನಮ್ಮ ಕಾರ್ಖಾನೆಗೇ ನಾಚಿಕೆ. ಈಗಲೇ ಸಂಸ್ಥೆಗೆ ಫೋನ್ ಮಾಡಿ ನಿಮ್ಮ ಹೆಸರು ತೆಗೆಸ್ತೀನಿ. ನೀವು ನಾಳೆಯಿಂದ ಇಡೀ ಕಾರ್ಖಾನೆ ಕಂಪ್ಯೂಟರ್‌ಗಳನ್ನ ನೋಡ್ಕೊಳಿ. ಆ ಸೀಟಿಗೆ ನಿಜವಾಗ್ಲೂ ಅರ್ಹರು ನಿಮ್ಮ ವಿಭಾಗದಲ್ಲಿ ಯಾರಿದ್ದಾರೆ ಅಂತ ನನಗೆ ಗೊತ್ತು.”

ಅವನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಹಂಪಯ್ಯ ಟವೆಲು ಮಡಚಿಟ್ಟು, ಪ್ಲಾಸ್ಟಿಕ್ ಹಾಳೆ ಸರಿಸಿ, ಪರದೆಯನ್ನು ಹೊಸ ಅಳಿಯನನ್ನು ನೋಡುವಂತೆ ನೋಡುತ್ತಿದ್ದ.

“ಉಪೇಂದ್ರಣ್ಣ, ಸಾಹೇಬ್ರ ಫೋನ್ ಬಂದಿತ್ತು. ನನ್ನ ಗೋವಾಕ್ಕ ಕಳಸ್ತಾರಂತ! ಈಗ ಇದರಾಗ ಏನೋ ನೀಲಿ ಬಟನ್ ಒತ್ತಬೇಕಂತ. ಎಲ್ಲೈತೋ ಮಾರಾಯ ಅದು? ಒತ್ತಿದ್ರ ಬ್ಯಾರೇದ ಏನೋ ತೆಗಿತೈತಿ ಅಂತಾರ. ಸ್ವಲ್ಪ ನೋಡಿ ಕೊಡೋ.”

ಉಪೇಂದ್ರ ಕೂತ. ಹಂಪಯ್ಯನ ಕಂಪ್ಯೂಟರಿನ ಹಳದಿ ಲಕೋಟೆಯನ್ನು ಹಿಡಿದ, ಗುರುತು ತೆಗೆದ, ಬಂದ್ ಮಾಡಿ ಚಾಲೂ ಮಾಡಿದ. ಹೊಸ ಮೇಲ್ ಎಲ್ಲೂ ತಡೆಯದೆ ತೆರೆಯಿತು. ಬಟನ್ ಒತ್ತುವುದನ್ನೂ ಅವನೇ ಮಾಡಬೇಕಾಯಿತು. ಹಂಪಯ್ಯನಿಗೆ ಮೌಸು ಕೈಗೆ ಹತ್ತಲಿಲ್ಲ.

ಫೋನು ಬಂತು. ತಾರಾಳ ಹಿಂದೆ ಬಜಾರಿನ ಗದ್ದಲ. “ಏನ್ರೀ, ಪಾರ್ವತೆಮ್ಮನ ಕೂಡ ಬಂದೀನಿ. ಸಮುದ್ರದ ದಂಡಿಗೆ ಬಿಸಲ ಭಾಳ ಅಂತ. ಇಲ್ಲಿ ಅಗಲನ್ನ ಟೋಪಿ ಸಿಕ್ಕಾವು, ಛಂದ ಅದಾವು. ನಿಮಗೂ ಒಂದು ತಗೊಳ್ಳಲೇನು?”

“ಬ್ಯಾಡ” ಎಂದ ಉಪೇಂದ್ರ. “ನನಗ ಇಲ್ಲೇ ಹಾಕ್ಯಾರ.”