ಫಿಂಕ್ ಮೇಷ್ಟ್ರ ಗ್ರೀಕ್

ತುರ್ಕರೊಡನೆ ಕಾದಾಡಿದ ಗ್ರೀಕ್ ಕಪ್ತಾನರೊಬ್ಬರು ಮಧ್ಯಾಹ್ನದ ಟಪಾಲು ಗಾಡಿಯಲ್ಲಿ ಬರುತ್ತಾರೆಂಬ ಕಾಗದ ಬೆಳಿಗ್ಗೆ ಬಂತು. ಫಿಂಕ್ ಮೇಷ್ಟ್ರ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಗ್ರೀಸ್ ತುರ್ಕರಿಂದ ಬಿಡುಗಡೆಗೆ ಹೋರಾಡುತ್ತಿದ್ದ ಕಾಲ. ಜರ್ಮನಿಯ ನಮ್ಮ ಹೈಡೆನ್‌ಬಾಖ್ ಊರಿಗೆ ಆಗ ಗ್ರೀಸಿನ ಹುಚ್ಚು. ಆ ದೇಶ ಕಂಡವರು ಒಬ್ಬರೂ ಇರಲಿಲ್ಲ, ಅದಕ್ಕಾಗಿ ಅಳದವರೂ ಇರಲಿಲ್ಲ. ನಗುವವರು ನಗಲಿ, ಕಾಣದ ಜನಕ್ಕಾಗಿ ಇಷ್ಟು ಮರುಗಿದ ಊರೆಂದರೆ ನನಗಂತೂ ಹೆಮ್ಮೆಯೇ.

"ಗ್ರೀಕ್‌ನಲ್ಲೇ ಸ್ವಾಗತ ಭಾಷಣ ಮಾಡಿ ಮೇಷ್ಟ್ರೇ," ಎಂದರು ಮೇಯರ್ ಹಾರ್ಟ್‌ವಿಗ್. "ಅವರಿಗೆ ಅರ್ಥವಾದ್ರೆ ಹೆಡ್‌ಮಾಸ್ಟರ್ ಕೆಲಸ ನಿಮ್ಮದೇ."

ಫಿಂಕ್ ಹನ್ನೊಂದು ವರ್ಷದಿಂದ ಸಹಾಯಕ ಮೇಷ್ಟ್ರು. ಎರಡು ಸಾವಿರ ವರ್ಷ ಹಳೆಯ ಗ್ರೀಕ್ ಕಾವ್ಯಗಳೆಲ್ಲ ಅವರಿಗೆ ಬಾಯಿಪಾಠ.

"ಏನ್ರೀ, ಈ ಸಲನಾದ್ರೂ ತಡವರಿಸಬೇಡಿ," ಎಂದು ಹೆಂಡತಿ ಡೊರೊಥಿಯಾ ಕೋಟಿನ ಗುಂಡಿ ಹಾಕಿದಳು. ಬ್ರೆಡ್ ಅಂಗಡಿಯ ಆಗಾಥೆ ಸೂಪಿಗೆಂದು ಒಣಗಿಸಿಟ್ಟ ಲಾರೆಲ್ ಎಲೆಗಳನ್ನೆಲ್ಲ ಪೋಣಿಸಿ, ಹಳೆಯ ಗ್ರೀಕರ ಪದ್ಧತಿಯಂತೆ ವೀರನಿಗೆ ಕಿರೀಟ ಮಾಡಿ ತಂದಳು.

ಗಾಡಿಯ ಬಾಗಿಲು ತೆರೆಯಿತು. ಅಮೃತಶಿಲೆಯ ವಿಗ್ರಹದಂಥವನಿಗಾಗಿ ಊರೆಲ್ಲ ಕತ್ತೆತ್ತಿ ನಿಂತಿತ್ತು. ಇಳಿದದ್ದು ನೆಗಡಿಯಿಂದ ಮೂಗು ಕೆಂಪಾದ ಒಬ್ಬ ಕುಳ್ಳ.

"ನಮ್ಮ ಆಲೂಗಡ್ಡೆ ವ್ಯಾಪಾರಿ ಥರಾನೇ ಇದಾರಲ್ಲ," ಎಂದು ಆಗಾಥೆ ಪಿಸುಗುಟ್ಟಿದಳು.

ಫಿಂಕ್ ಮಾತ್ರ ಅವನ ತೋಳಿನ ಮೇಲಿದ್ದ ಕತ್ತಿಗಾಯದ ಗುರುತನ್ನೇ ನೋಡಿದರು. ಕಣ್ಣು ತುಂಬಿ ಬಂತು. ಕಾವ್ಯಗಳ ಆ ಹಳೆಯ ಗ್ರೀಕ್‌ನಲ್ಲೇ ಕಾಲು ಗಂಟೆ ಒಂದೇ ಉಸಿರಿಗೆ ಮಾತಾಡಿದರು, ಒಂದು ಕಡೆಯೂ ತಡವರಿಸಲಿಲ್ಲ. ಕಪ್ತಾನ ಸ್ತಮಾಟಿಸ್ ಮೇಷ್ಟ್ರನ್ನು ಬಾಚಿ ತಬ್ಬಿಕೊಂಡು ಏನೋ ಹೇಳಿದ. ಫಿಂಕ್‌ಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ.

ತ್ರಿಯೆಸ್ತೆ ಬಂದರಿನಲ್ಲಿ ಗ್ರೀಕ್ ನಾವಿಕರಿಗೆ ಅಂಜೂರ ಮಾರಿ ಅವರ ಮಾತು ಕಲಿತು ಬಂದಿದ್ದ ಕಿರಾಣಿ ಅಂಗಡಿಯ ಶ್ಟೆಕ್ಲೆ ಮುಂದೆ ಬಂದ.

"ಜರ್ಮನ್ ಭಾಷೆ ಇಷ್ಟು ಇಂಪಾಗಿರುತ್ತೆ ಅಂತ ಗೊತ್ತೇ ಇರಲಿಲ್ಲ ಅಂತಾರೆ."

ಡೊರೊಥಿಯಾ ನೆಲ ನೋಡಿದಳು. ಮೇಯರ್ ಬಹಳ ಹೊತ್ತು ಯೋಚಿಸಿ, ಕಡೆಗೆ ಕಪ್ತಾನನ ಕಡೆ ಕನಿಕರದಿಂದ ತಿರುಗಿದರು.

"ಪಾಪ, ತುರ್ಕರ ಕಾಟದಲ್ಲಿ ತಾಯ್ನುಡೀನೇ ಮರ್ತುಬಿಟ್ಟಿದಾರೆ. ಮೇಷ್ಟ್ರೇ, ನೀವೇ ಕಲಿಸ್ಬೇಕು. ಅವರಿಗೆ ನಿಮ್ಮ ಭಾಷಣ ಅರ್ಥವಾದ ದಿನ ಕೆಲಸ ನಿಮ್ಮದು."

ಎಲ್ಲರಿಗೂ ಅದು ಸರಿಯೆನಿಸಿತು. ಫಿಂಕ್ ಮೇಷ್ಟ್ರಿಗೂ ಸರಿಯೆನಿಸಿತು. ಜರ್ಮನ್ ಕಲಿಸುತ್ತಾರೆಂದುಕೊಂಡ ಕಪ್ತಾನ ಖುಷಿಯಿಂದ ಗಾಡಿ ಬಿಟ್ಟು ಮೇಷ್ಟ್ರ ಮನೆಗೇ ಬಂದ. ಡೊರೊಥಿಯಾ ಇದ್ದೊಂದು ಮಂಚ ಅವನಿಗೆ ಬಿಟ್ಟುಕೊಟ್ಟಳು.

ಮೇಯರ್ ಎದುರಿನಲ್ಲೇ ಮೊದಲ ಪಾಠ ನಡೆಯಿತು. ಫಿಂಕ್ ಹಲಗೆಯ ಮೇಲೆ ಗ್ರೀಕಿನ ಮೊದಲ ಎರಡಕ್ಷರ ಬರೆದರು.

"ಆಲ್ಫಾ, ವೀಟಾ," ಎಂದು ಕಪ್ತಾನ ತನ್ನೂರಿನಲ್ಲಿ ಅನ್ನುವ ಹಾಗೇ ಥಟ್ಟನೆ ಓದಿದ.

"ವೀಟಾ ಅಲ್ಲ, ಬೀಟಾ," ಎಂದು ಫಿಂಕ್ ಮೃದುವಾಗಿ ತಿದ್ದಿದರು.

ಕಪ್ತಾನ ಬೆರಗಾಗಿ ಶ್ಟೆಕ್ಲೆಯ ಕಿವಿಯಲ್ಲಿ ಏನೋ ಹೇಳಿದ.

"ಜರ್ಮನ್ ಅಕ್ಷರ ಎಲ್ಲ ನಮ್ಮವೇ ಇದ್ದಂಗಿದೆ, ಉಚ್ಚಾರ ಒಂದನ್ನ ನೀವು ಪೂರ್ತಿ ಕೆಡಿಸಿಕೊಂಡಿದೀರಿ ಅಂತಾರೆ," ಎಂದ ಶ್ಟೆಕ್ಲೆ.

ಮೇಯರ್ ಟೋಪಿ ಹಾಕಿಕೊಂಡು ಎದ್ದು, ಫಿಂಕ್ ಮೇಷ್ಟ್ರ ಬೆನ್ನು ತಟ್ಟಿದರು.

"ತುಂಬಾನೇ ಮರ್ತಿದಾರೆ. ಹತ್ತು ವರ್ಷವಾದ್ರೂ ಬೇಕಾಗುತ್ತೆ. ನಿಧಾನವಾಗೇ ಕಲಿಸಿ, ಕೆಲಸ ಎಲ್ಲಿಗೆ ಓಡಿಹೋಗುತ್ತೆ?"