ಪೀಠಿಕೆಗೊಂದು ಹೆಣ

ತೊಂದರೆ ಶುರುವಾದದ್ದು ಒಂದೇ ಒಂದು ವಾಕ್ಯದಿಂದ. "ಮರಣವು ಮಾನವನ ಬದುಕಿನ ಅವಿಭಾಜ್ಯ ಅಂಗವಾಗಿದೆ" ಎಂದು ತಾವರಗೇರಿಯ ಗುರುಬಸವ ತನ್ನ ಪಿಎಚ್.ಡಿ. ಪ್ರಬಂಧದ ಪೀಠಿಕೆಯನ್ನು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ್ದ. ಬೆಳಿಗ್ಗೆ ಕೊಪ್ಪಳದಿಂದ ಅವನ ಗೈಡ್ ಪ್ರಭುರಾಜ ಸರ್ ಫೋನ್ ಮಾಡಿದರು.

"ಯಪ್ಪಾ, ನೀ ಬರಿಯೂದು ಹೆಣದ ಮುಂದ ಹಾಡಿ ಅಳ್ತಾರಲ್ಲ, ಆ ಹಾಡಿನ ಮ್ಯಾಲ. ಒಂದರ ಹಾಡು ನಿನ್ನ ಕಿವೀಲೆ ಕೇಳೀಯೇನು?"

"ಪುಸ್ತಕದಾಗ ಓದೀನ್ರಿ ಸರ್."

"ಪುಸ್ತಕ ಅಳತಾವೇನು? ಪೀಠಿಕಿ ಓದಿದ್ರ ಬಾಯಾಗ ಒಣ ಹಿಟ್ಟು ಹಾಕ್ಕೊಂಡಂಗ ಆಗ್ತೈತಿ. ಇವತ್ತ ಸಂಜಿ ಐದರೊಳಗ ಖರೇ ಹಾಡು ಕೇಳಿ, ಹೊಸಾದು ಬರದು ಕಳಸು. ಇಲ್ಲಂದ್ರ ನಿನ್ನ ರಿಜಿಸ್ಟ್ರೇಶನ್ ರದ್ದು. ನಾ ಇನ್ನ ತಡೀಲಾರೆ."

ಗುರುಬಸವ ಫೋನ್ ಕೆಳಗಿಟ್ಟು ಗೋಡೆ ನೋಡುತ್ತ ಕೂತ. ಈ ವಿಷಯವನ್ನು ಅವನು ಆರಿಸಿಕೊಂಡದ್ದು ಬೇರೆ ಯಾರೂ ಆರಿಸಿಕೊಂಡಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಸ್ವತಃ ಅವನಿಗೆ ಹೆಣವೆಂದರೆ ಪ್ರಾಣ ಹೋಗುವಷ್ಟು ಭಯ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಅವತ್ತು ಅವನಿಗೆ ಕುಷ್ಟಗಿಯಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಆದರೆ ರಿಜಿಸ್ಟ್ರೇಶನ್ ಹೋದರೆ ಮುಂದೇನು ಎಂಬುದನ್ನು ಅವನ ತಾಯಿ ಶಂಕ್ರಮ್ಮ ಆಗಲೇ ನಿಶ್ಚಯಿಸಿದ್ದಳು. ಗಂಗಾವತಿಯಲ್ಲಿ ಸೋದರಮಾವನ ಗೊಬ್ಬರದ ಅಂಗಡಿ. ಯೂರಿಯಾ ಚೀಲಗಳ ನಡುವೆ ಒಂದು ಸ್ಟೂಲು ಅವನಿಗಾಗಿ ಖಾಲಿ ಇತ್ತು.

ಅಂಗಿ ತೊಟ್ಟು ಅವನು ಯಮನೂರಸಾಬನ ಚಹಾದಂಗಡಿಗೆ ಹೋದ. ಊರಿನ ಸುದ್ದಿಯೆಲ್ಲ ಮೊದಲು ಅಲ್ಲಿಗೆ ಬಂದು, ಚಹಾ ಕುಡಿದು, ಆಮೇಲೆ ಊರೊಳಗೆ ಹೋಗುತ್ತಿತ್ತು.

"ಸಾಹೇಬ್ರ, ಇವತ್ತ ಊರಾಗ ಯಾರರ ತೀರ್ಕೊಂಡಾರೇನ್ರಿ?" ಗುರುಬಸವನ ದನಿಯಲ್ಲಿ ಆಸೆ ತೊಟ್ಟಿಕ್ಕುತ್ತಿತ್ತು.

"ಇಲ್ಲಪ್ಪ. ಅಲ್ಲಾನ ದಯಾದಿಂದ ಎಲ್ಲಾರೂ ಅದಾರ."

ಗುರುಬಸವನ ಮುಖ ಬಾಡಿತು. "ದ್ಯಾವಪ್ಪಜ್ಜಗ ಭಾಳ ಸೀರಿಯಸ್ ಐತಿ ಅಂದಿದ್ರು?"

"ಈಗ ತಾಸಿನ ಹಿಂದ ಇಲ್ಲೇ ಕುಂತು ಮಂಡಕ್ಕಿ ಮಿರ್ಚಿ ತಿಂದು ಹೋದ. ಇನ್ನೊಂದು ಮಿರ್ಚಿ ಕಟ್ಟಿಸ್ಕೊಂಡೂ ಹೋದ." ಯಮನೂರಸಾಬ ಸೋಸುವ ಬಟ್ಟೆ ಹಿಂಡುತ್ತ ಅವನನ್ನು ಓರೆಗಣ್ಣಿನಿಂದ ನೋಡಿದ. "ಯಾಕ, ನಿನಗೇನರ ಅವಸರ ಇತ್ತೇನು?"

ಉಳಿದದ್ದು ಒಂದೇ ದಾರಿ. ಊರ ತುದಿಯಲ್ಲಿದ್ದ ಹುಲಿಗವ್ವ. ಸುತ್ತಲಿನ ಊರುಗಳಲ್ಲಿ ಅವಳಂತೆ ಹಾಡಿ ಅಳುವವರು ಇರಲಿಲ್ಲ. ಅವಳು ಬಂದು ಕೂತು ಬಾಯಿ ತೆರೆದರೆ ಆಸ್ತಿಗಾಗಿ ಜಗಳಾಡುತ್ತಿದ್ದ ಅಣ್ಣತಮ್ಮಂದಿರೂ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ಅಳುತ್ತಿದ್ದರು.

ಹುಲಿಗವ್ವ ಬೇವಿನ ಮರದಡಿ ತೊಗರಿ ಹಸನು ಮಾಡುತ್ತಿದ್ದಳು. ಅವನ ಮಾತು ಕೇಳಿ ಮೊರ ಕೆಳಗಿಟ್ಟಳು.

"ಹೆಣ ಇಲ್ದ ಹೆಂಗ ಅಳ್ಲೋ ತಮ್ಮಾ? ಅಳೂದೇನು ನಲ್ಲಿ ನೀರಾ, ತಿರುವಿದ್ರ ಬರಾಕ? ಹೆಸರ ಬೇಕು. ಅವರ ಮನಿ ಬೇಕು. ಎದುರಿಗೆ ಹೆಣ ಕುಂತಿರಬೇಕು. ಅದರ ಮಾರಿ ನೋಡಿದ್ರ ಹಾಡು ತಾನ ಬರ್ತೈತಿ."

"ನಂದ ಹೆಸರ ಹಾಕ್ರಿ. ನಮ್ಮ ಮನಿಗೆ ಬರ್ರಿ. ನಾನ ಕುಂದರ್ತೀನಿ."

ಹುಲಿಗವ್ವ ಅವನನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ನೋಡಿದಳು. ಕುಳಿಬಿದ್ದ ಕಣ್ಣು, ಜೋತುಬಿದ್ದ ಹೆಗಲು, ಬಿತ್ತಿ ಮೊಳೆಯದ ಹೊಲದಂಥ ಗಡ್ಡ.

"ನಡಿ ಹಂಗಾರ," ಎಂದಳು. "ನಿನ್ನ ಮಾರಿ ನೋಡಿ ಅಳಾಕ ಭಾಳ ತ್ರಾಸ ಆಗೂದಿಲ್ಲ."

ಶಂಕ್ರಮ್ಮ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಅಲ್ಲಿ ಕರೆಂಟು ಹೋಗಿ ಕಾಯುತ್ತ ಕೂತಿದ್ದಳು. ಗುರುಬಸವನ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹುಲಿಗವ್ವ ಪದ್ಧತಿ ಬಿಡುವವಳಲ್ಲ. ಅವನನ್ನು ಪಡಸಾಲೆಯ ಗೋಡೆಗೆ ಒರಗಿಸಿದಳು, ಹಣೆಗೆ ವಿಭೂತಿ ಬಳಿದಳು, ಗದ್ದ ಜೋಲದಂತೆ ತಲೆಗೊಂದು ಬಟ್ಟೆ ಕಟ್ಟಿದಳು. ನಡುವೆ ಕರೆ ಬಂದು ರೆಕಾರ್ಡಿಂಗ್ ಕೆಡಬಾರದೆಂದು ಗುರುಬಸವ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ತೊಡೆಯ ಮೇಲೆ ಅಡಗಿಸಿ, ಕಣ್ಣು ಮುಚ್ಚಿದ.

ಹುಲಿಗವ್ವ ಮೆಲ್ಲಗೆ ಶುರುಮಾಡಿದಳು.

"ಅಕ್ಷರದಾಗ ಮಾರಿ ಇಟಗೊಂಡು ಕುಂತೆಲ್ಲೋ ನನ್ನಪ್ಪಾ, ಹೊಲದ ಹಾದಿ ಮರತೆಲ್ಲೋ. ಡಾಕ್ಟರ ಆಗ್ತೀನಂತ ಅವ್ವಗ ಹೇಳಿದೆಲ್ಲೋ ನನ್ನಪ್ಪಾ, ಒಂದು ಗುಳಿಗಿ ಸೈತ ಕೊಡದಽ ಹೋದೆಲ್ಲೋ. ಕನ್ಯಾ ನೋಡಾಕ ಹೋದ ಊರಾಗೆಲ್ಲ ಉಪ್ಪಿಟ್ಟು ತಿಂದ ಬಂದೆಲ್ಲೋ..."

ಗುರುಬಸವ ಕಿವಿಗೊಟ್ಟು ಕೇಳಿದ. ಇಷ್ಟು ವರ್ಷದಲ್ಲಿ ತನ್ನ ಬದುಕನ್ನು ಇಷ್ಟು ಚೊಕ್ಕಟವಾಗಿ ಯಾರೂ ಹೇಳಿರಲಿಲ್ಲ. ಮುಚ್ಚಿದ ರೆಪ್ಪೆಯೊಳಗೇ ಕಣ್ಣು ತುಂಬಿತು. ಪಾಪ, ಒಳ್ಳೇ ಹುಡುಗ ಇದ್ದ ಎಂದು ಅವನಿಗೇ ಅನ್ನಿಸಿತು.

ಹುಲಿಗವ್ವನ ದನಿ ಓಣಿ ದಾಟಿತು. ಚಪ್ಪಲಿ ಬಿಡುವ ಸದ್ದು ಒಂದರ ಹಿಂದೊಂದು ಕೇಳಿತು. ಪಡಸಾಲೆ ತುಂಬಿತು.

"ಏನಾಗಿತ್ರಿ?" ಪಕ್ಕದ ಮನೆಯ ನಸೀಮಾಬಿಯ ದನಿ.

"ಬರಿಯಾಕ ಹತ್ತಿದ್ನಂತ." ಇದು ಯಮನೂರಸಾಬ.

"ಅದ ಮತ್ತ. ನಾ ಮದ್ಲ ಅಂದಿದ್ದೆ, ಅಷ್ಟು ಬರಿಯೂದು ಛಲೋ ಅಲ್ಲಂತ."

"ಬೆಳಿಗ್ಗಿ ಅಂಗಡಿಗೆ ಬಂದು ಯಾರರ ಹೋಗ್ಯಾರೇನು ಅಂತ ಕೇಳಿದ. ತಾನ ಹೋಗಾವಿದ್ದ, ಜೋಡಿ ಹುಡುಕಾಕ ಬಂದಿದ್ದ ನೋಡ್ರಿ. ನನಗ ತಿಳೀಲಿಲ್ಲ." ಯಮನೂರಸಾಬ ಮೂಗು ಸೀಟಿದ.

ಮೊಬೈಲ್ ರಿಪೇರಿಯ ಹೊನ್ನೂರಪ್ಪ ಎಲ್ಲರಿಗಿಂತ ಚುರುಕು. ಒರಗಿ ಕೂತ ಗುರುಬಸವನ ಫೋಟೋ ತೆಗೆದು, ಕೆಳಗೆ 'ಮತ್ತೆ ಹುಟ್ಟಿ ಬಾ ಗೆಳೆಯಾ' ಎಂದು ಬರೆದು ಸ್ಟೇಟಸ್ ಹಾಕಿದ. ಕಣ್ಣು ತೆರೆದು ಎದ್ದುಬಿಡಬೇಕೆಂದು ಗುರುಬಸವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಹುಲಿಗವ್ವ ಆಗಷ್ಟೇ ಕಾವೇರಿದ್ದಳು, ಹೆಂಗಸರೆಲ್ಲ ಪಲ್ಲವಿ ಹಿಡಿದಿದ್ದರು. ಯಾವ ಸಂಶೋಧಕನಿಗೂ ಸಿಗದ ರೆಕಾರ್ಡಿಂಗ್ ಅದು. ಉಸಿರು ಬಿಗಿಹಿಡಿದು ಸತ್ತೇ ಕೂತ.

ಅಷ್ಟರಲ್ಲಿ ಗುಂಪು ಎರಡಾಗಿ ಸರಿಯಿತು. ಸೊಂಟದ ಮೇಲೆ ಹಿಟ್ಟಿನ ಡಬ್ಬಿ ಇಟ್ಟುಕೊಂಡು ಶಂಕ್ರಮ್ಮ ಬಂದಿದ್ದಳು. ಯಾರೋ ಅವಳ ರಟ್ಟೆ ಹಿಡಿದುಕೊಂಡರು. ಅವಳ ಮುಖದಿಂದ ರಕ್ತವೆಲ್ಲ ಇಳಿದುಹೋಗಿತ್ತು. ಮಗನನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ಅವನ ಕಾಲಿಗೆ ಇಳಿಯಿತು. ಹೆಬ್ಬೆರಳು ಹಾಡಿಗೆ ತಾಳ ಹಾಕುತ್ತಿತ್ತು.

ಹೆಣದ ಕೆನ್ನೆಗೆ ಬಿದ್ದ ಏಟಿನ ಸದ್ದು ಹಾಡನ್ನು ನಿಲ್ಲಿಸಿತು.

"ಏಳೋ ಭಾಡ್ಯಾ. ಹಿಟ್ಟು ಒಳಗಿಡು," ಎಂದಳು ಶಂಕ್ರಮ್ಮ. ಆಮೇಲೆ ಅಲ್ಲೇ ಕುಸಿದು ಕೂತು, ಸೆರಗು ಬಾಯಿಗೊತ್ತಿಕೊಂಡು ಖರೇನೇ ಅತ್ತಳು.

ಬಂದವರಿಗೆ ಇದು ಸೇರಲಿಲ್ಲ. "ಹಿಂಗ ಮಾಡೂದೇನ್ರಿ? ನಾ ಅನ್ನ ಸಾರು ಹಚ್ಚಿ ಬಂದೀನಿ, ನಿಮ್ಮ ಮನ್ಯಾಗ ಒಲಿ ಹಚ್ಚಂಗಿಲ್ಲಂತ," ಎಂದು ನಸೀಮಾಬಿ ಗೊಣಗಿದಳು. "ಸ್ಟೇಟಸ್ ಭಾಳ ಮಂದಿ ನೋಡ್ಯಾರ. ಸಂಜಿ ತನಾ ಇರ್ಲೇನು?" ಎಂದು ಹೊನ್ನೂರಪ್ಪ ಕೇಳಿದ.

ಗುರುಬಸವ ವಿಭೂತಿ ಒರೆಸಿಕೊಳ್ಳದೆ, ಕೆನ್ನೆಯ ಮೇಲೆ ಐದೂ ಬೆರಳಿನ ಗುರುತು ಹೊತ್ತು, ಮೂಲೆಯಲ್ಲಿ ಕೂತು ಎರಡೂ ಹೆಬ್ಬೆರಳಿನಿಂದ ಬರೆಯತೊಡಗಿದ. 'ನನ್ನ ಸಾವಿನ ಹಾಡನ್ನು ನಾನೇ ಕೇಳಿದೆ' ಎಂದು ಶುರುವಾದ ಪೀಠಿಕೆ ನಿಲ್ಲದೆ ಹರಿಯಿತು. ಬದುಕಿನಲ್ಲಿ ಮೊದಲ ಸಲ ಅವನಿಗೆ ತಾನು ಬರೆದದ್ದು ತನಗೇ ಹಿಡಿಸಿತ್ತು. ಐದಕ್ಕೆ ಇನ್ನೂ ಸಮಯವಿರುವಾಗಲೇ ಫ್ಲೈಟ್ ಮೋಡ್ ತೆಗೆದು ಕಳಿಸಿದ.

ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಯಾರು ಮಾತಾಡೂದು?" ಪ್ರಭುರಾಜ ಸರ್ ದನಿ ನಡುಗುತ್ತಿತ್ತು.

"ನಾನ್ರಿ ಸರ್, ಗುರುಬಸವ."

"ನೀ ಅದೀಯೇನು?"

"ಅದೀನ್ರಿ. ಆ ಸ್ಟೇಟಸ್ ಸುಳ್ಳರಿ."

"ಎಂಥಾ ಕೆಲಸ ಮಾಡ್ದೆಪ್ಪಾ. ಅದು ಕೊಪ್ಪಳದ ತನಕ ಬಂತು. ಮಧ್ಯಾಹ್ನ ವಿಭಾಗದಾಗ ಎಲ್ಲಾರೂ ಕೂಡಿ ಶ್ರದ್ಧಾಂಜಲಿ ಸಭಾ ಮಾಡಿದ್ವಿ. ನಿನ್ನ ಹಳೇ ಪೀಠಿಕಿನ ನಾನ ಓದಿದೆ. ಮಂದಿ ಬಿಕ್ಕಿ ಬಿಕ್ಕಿ ಅತ್ತರು. ಒಂದು ಅಕ್ಷರ ಮುಟ್ಟದಂಗ ಒಪ್ಪಿ ಸಹಿ ಹಾಕೀವಿ."

ಗುರುಬಸವ ಕೂತಲ್ಲೇ ಒಂದು ಗೇಣು ಎತ್ತರವಾದ. "ಹಂಗಾರ ಒಪ್ಪಿದ್ರಲ್ರಿ ಸರ್?"

"ಸತ್ತಾಂವ ತಿದ್ದಾಕ ಬರೂದಿಲ್ಲಂತ ಒಪ್ಪಿದ್ವಿ. ನೀ ಅದೀಯಲ್ಲ. ಪೂರಾ ತಿದ್ದಬೇಕು."

"ಮತ್ತ ಹೊಸಾದು ಕಳಿಸೀನಲ್ರಿ?"

"ಓದಿದೆ. ಭಾಳ ಛಲೋ ಐತಿ. ಆದ್ರ ಜೀವಂತ ಇದ್ದವನ ಮುಂದ ಹಾಡಿದ್ದು ನಾಟಕ ಆಗ್ತೈತಿ, ಸಂಶೋಧನಾ ಆಗೂದಿಲ್ಲ. ಅದು ನಡಿಯೂದಿಲ್ಲ. ನಿನ್ನ ರಿಜಿಸ್ಟ್ರೇಶನ್ನೂ ಸಭಾದಾಗ ಮುಚ್ಚಿ, ಎದ್ದು ನಿಂತು ಮೌನ ಮಾಡೀವಿ. ಈಗ ಮತ್ತ ತೆರಿಯಾಕ ನನ್ನ ಕೈಯಾಗಿಲ್ಲ. ಇರ್ಲಿ, ಆರೋಗ್ಯ ಜ್ವಾಕಿ."

ಗುರುಬಸವ ಹೋಗಿ ಮತ್ತೆ ಅದೇ ಗೋಡೆಗೆ ಒರಗಿ ಕೂತ. ಈ ಸಲ ಗದ್ದ ತಾನಾಗಿಯೇ ಜೋತಿತು. ಒಳಗೆ ಶಂಕ್ರಮ್ಮ ಗಂಗಾವತಿಗೆ ಫೋನ್ ಹಚ್ಚಿದ್ದು ಕೇಳುತ್ತಿತ್ತು. ಎಲೆಯಡಿಕೆ ಬಾಯಿಗಿಟ್ಟುಕೊಂಡು ಹುಲಿಗವ್ವ ಹೊರಟು ನಿಂತಿದ್ದಳು.

"ಯವ್ವಾ," ಎಂದ ಅವನು. "ಇನ್ನೊಮ್ಮೆ ಅಳು ಬೇ. ಈಗ ಖರೇನ ಹೋದೆ."

ಹುಲಿಗವ್ವ ಅವನ ಮುಖವನ್ನು ಮರುಕದಿಂದ ನೋಡಿದಳು.

"ಬರೂದಿಲ್ಲಪ್ಪ," ಎಂದಳು. "ಒಬ್ಬರಿಗೆ ಒಂದ ಸಲ ಅಳೂದು. ನಿಂದು ಮುಗೀತು."